ಮಧ್ಯಾಹ್ನ ತೊಗರಿ ಧೂಳು ಕುಡದ್ರ ರಾತ್ರಿ ಎರಡಕ್ಕ ದಮ್ಮ ಯಾಕ ಹತ್ತತದ?

ತೊಗರಿಕಣಜ (ಚಿತ್ತಾಪುರ ತಾಲೂಕು), ರವಿವಾರ ಮುಂಜಾನೆ 9:12

ಎಲ್ಲರಿಗೂ ನಮಸ್ಕಾರ್ರಿ. ನಮ್ಮಪ್ಪಗ 58 ವರ್ಷ, ದಮ್ಮಿನ ಬ್ಯಾನಿ ಹನ್ನೆರಡು ವರ್ಷದ್ದು. ಗುರುವಾರ ನಮ್ಮ ಹೊಲದಾಗ ತೊಗರಿ ರಾಶಿ ಇತ್ತು. ಮಷಿನ್ ಬಂದದ್ದೇ ಮೂರು ಗಂಟೆಕ್ಕ. ಬ್ಯಾಡಪ್ಪ ಅಂದ್ರೂ ಕೇಳ್ದೆ, ಟವೆಲ್ ಮಾರಿಗೆ ಸುತ್ತಿಕೊಂಡು ಹೊಟ್ಟು ಹಾರೋ ಕಡೀನೇ ಹೋಗಿ ನಿಂತ್ರು. ಹತ್ತು ನಿಮಿಷದಾಗ ಕೆಮ್ಮು, ಎದ್ಯಾಗ ಸೀಟಿ. ನೀಲಿ ಪಂಪ್ ಎರಡು ಸಲ ಹೊಡಕೊಂಡ್ರು, ಆರಾಮಾತು. ಹೊತ್ತು ಮುಳುಗೋ ತನಕ ಅಲ್ಲೇ ನಿಂತು, ಮನಿಗೆ ಬಂದು ಜಳಕಾ ಮಾಡಿ, ರೊಟ್ಟಿ ಪುಂಡಿಪಲ್ಯ ಉಂಡು ಮಲಗಿದ್ರು.

ರಾತ್ರಿ ಎರಡಕ್ಕ ಅವ್ವ ಕೂಗಿದಳು. ಹೋಗಿ ನೋಡ್ತೀನಿ, ಹೊರಸಿನ ಮ್ಯಾಲ ಕುಂತು ಎರಡೂ ಕೈ ಊರ್ಯಾರ, ಭುಜ ಕಿವಿತನಕ ಬರ್ಲಾಕತ್ತಾವ. ಪಂಪ್ ಹೊಡದ್ರ ಈ ಸಲ ಅಷ್ಟೇನೂ ಇಳೀಲಿಲ್ಲ. ಟಂಟಂ ಮಾಡ್ಕೊಂಡು ದವಾಖಾನಿಗೆ ಒಯ್ದೀವಿ. ಹಬೆ ಮಷಿನ್ ಹಚ್ಚಿದ್ರು, ಸೂಜಿ ಮಾಡಿದ್ರು, ನಸುಕಿನ್ಯಾಗ ಉಸಿರು ಸಡ್ಲಾತು. ಯಾಕ ಹಿಂಗಾತ್ರಿ ಅಂತ ಕೇಳಿದ್ರ ಸಣ್ಣ ಡಾಕ್ಟ್ರು "ಕೆಮಿಕಲ್ ಮೀಡಿಯೇಟರ್ಸ್ ರಿಲೀಸ್ ಆಗ್ಯಾವ" ಅಂದು ಮುಂದಿನ ಬೆಡ್ಡಿಗೆ ಹೋದ್ರು. ಅವರ ತಪ್ಪಲ್ಲ, ವಾರ್ಡ್ ತುಂಬಿತ್ತು.

ನನ್ನ ಪ್ರಶ್ನೆ ಇಷ್ಟೇ. ಧೂಳು ಹೊಲದಾಗ ಉಳೀತು, ಮೈ ತೊಳ್ಕೊಂಡಾರ, ಅರಿವಿ ಬದಲಿ ಮಾಡ್ಯಾರ. ರಾತ್ರಿ ಎರಡಕ್ಕ ಎಲ್ಲಿ ಧೂಳು ಬಂತು?

ಔಷಧಿ ಅಂಗಡಿ (ಕಲಬುರಗಿ), 9:40

ಹಿಸ್ಟಮಿನ್ ಜಾಸ್ತಿ ಆಗ್ಯದ್ರಿ, ಮತ್ತೇನಿಲ್ಲ. ದಿನಾ ಮಲಗೋ ಮುಂದ ಒಂದು ಸೆಟ್ರಿಜಿನ್ ಕೊಡ್ರಿ, ರಾಶಿ ಮುಗಿಯೋ ತನಕ.

ಆಳಂದ ಪೋರ, 9:44

ಮೃಗಶಿರ ಮಳಿ ಕೂಡೋ ದಿನ ಹೈದರಾಬಾದಿಗೆ ಕರ್ಕೊಂಡು ಹೋಗ್ರಿ. ಜೀವಂತ ಮೀನ ನುಂಗಿಸ್ತಾರ. ಬೇರಿಂದ ಹೋಗ್ತದ.

ನಿವೃತ್ತ ಮಾಸ್ತರ (ಕಲಬುರಗಿ), 10:31

ಔಷಧಶಾಸ್ತ್ರ ಪಾಠ ಮಾಡಿ ನಿವೃತ್ತನಾದವ ನಾನು. ಬರೆಯೋವಾಗ ನನ್ನ ಭಾಷೆ ಸ್ವಲ್ಪ ಪುಸ್ತಕದ್ದಾಗ್ತದ, ಸಹಿಸ್ಕೊಳ್ರಿ.

ಔಷಧಿ ಅಂಗಡಿಯವರು ಹೇಳಿದ್ದು ಅರ್ಧ ಖರೇ. ಹಿಸ್ಟಮಿನ್ ಬಂದದ್ದು ಹೌದು, ಆದ್ರ ಅದು ಬಂದದ್ದು ಮೂರೂ ಹತ್ತಕ್ಕ. ರಾತ್ರಿ ಎರಡಕ್ಕ ಬಂದವರು ಬೇರೆಯವರು. ಸೆಟ್ರಿಜಿನ್ ಮೂಗು ಸೋರೋದಕ್ಕ, ಮೈ ತುರಿಸೋದಕ್ಕ ಚಲೋ ಗುಳಿಗೆ. ಅಸ್ತಮಾಕ್ಕ ಅದನ್ನೊಂದನ್ನೇ ನಂಬಿದ್ರ ಕೆಲಸ ಆಗೂದಿಲ್ಲ.

ಮೊದಲ ಹತ್ತು ನಿಮಿಷದಾಗ ಏನಾತು ನೋಡ್ರಿ. ಶ್ವಾಸನಾಳದ ಒಳಪದರದಾಗ ಮಾಸ್ಟ್ ಕೋಶ ಅಂತ ಇರ್ತಾವ. 1878ರಲ್ಲಿ ಪೌಲ್ ಎರ್ಲಿಚ್ ಅನ್ನೋ ಜರ್ಮನ್ ವಿದ್ಯಾರ್ಥಿ ಇವಕ್ಕ ಹೆಸರಿಟ್ಟ. ಮೈತುಂಬ ಕಾಳು ತುಂಬಿಕೊಂಡಿದ್ದು ಕಂಡು, ಇವು ಮೇವು ತಿಂದು ಕೊಬ್ಬಿದ ಕೋಶ ಅಂತ ತಿಳಿದು ಆ ಹೆಸರು. ಅವು ತಿಂದ ಕಾಳಲ್ಲ, ತಾವೇ ಮಾಡಿಟ್ಟ ಮದ್ದು, ಹಿಸ್ಟಮಿನ್ ಮೊದಲಾದವು. ಕೋಶದ ಹೊರಮೈಗೆ ಐಜಿಇ ಅನ್ನೋ ಪ್ರತಿಕಾಯಗಳು ಮುಳ್ಳಿನಂಗ ಅಂಟಿರ್ತಾವ. ಅಲರ್ಜಿ ಇದ್ದವರಿಗೆ ಆಗದ ವಸ್ತು, ಅದು ಹೊಟ್ಟಿನ ಜೊತೆ ಹಾರಿದ ಬೂಷ್ಟಿನ ಕಣ ಇರಬಹುದು, ಎರಡು ಮುಳ್ಳಿಗೆ ಒಮ್ಮೆಗೇ ಸಿಕ್ಕಿತು ಅಂದ್ರ ಕೋಶ ತನ್ನ ಚೀಲ ಬಿಚ್ಚಿ ಸುರುವತದ. ನಾಳದ ಸುತ್ತಲಿನ ಸ್ನಾಯು ಬಿಗೀತದ, ರಕ್ತನಾಳ ಸೋರ್ತದ, ಲೋಳೆ ಬರ್ತದ. ಇದಕ್ಕ ಮೊದಲ ಹಂತ ಅಂತೀವಿ. ತಾಸೆರಡು ತಾಸಿನ್ಯಾಗ ತಾನೇ ಇಳೀತದ.

ತೊಗರಿಕಣಜ, 10:50

ಸರ್, ಮೀಡಿಯೇಟರ್ ಅಂದ್ರ ಕನ್ನಡದಾಗ ಮಧ್ಯವರ್ತಿ ಅಲ್ಲೇನ್ರಿ? ಮಧ್ಯವರ್ತಿ ಅಂದ್ರ ನಮಗ ನೆನಪಾಗೋದು ಕಲಬುರಗಿ ಮಾರ್ಕೆಟ್ಟು ನೆಹರೂ ಗಂಜಿನ ದಲಾಲರು 😀

ನಿವೃತ್ತ ಮಾಸ್ತರ, 11:08

ಇಪ್ಪತ್ತೆಂಟು ವರ್ಷ ಪಾಠ ಮಾಡಿದೆ, ಈ ಹೋಲಿಕೆ ನನಗ ಹೊಳೀಲಿಲ್ಲ ನೋಡು ತಮ್ಮಾ.

ಖರೇನೇ ಹಂಗ. ಧೂಳಿನ ಕಣ ಹೋಗಿ ಸ್ನಾಯುವನ್ನ ಹಿಂಡೂದಿಲ್ಲ. ಅವೆರಡೂ ಮಾರಿ ನೋಡೂದೇ ಇಲ್ಲ. ನಡುವ ದಲಾಲರು ಇದ್ದಾರ, ಎಲ್ಲಾ ವ್ಯವಹಾರ ಅವರದು. ಗಂಜಿನ್ಯಾಗ ಒಬ್ಬ ದಲಾಲ ಅಂಗಡಿ ಮುಚ್ಚಿದ್ರ ತೊಗರಿ ವ್ಯಾಪಾರ ನಿಲ್ತದೇನು? ಇಲ್ಲ, ಬಾಜೂಕಿನವ ಮಾಡ್ತಾನ. ಸೆಟ್ರಿಜಿನ್ ಮುಚ್ಚಿಸೋದು ಹಿಸ್ಟಮಿನ್ ಅನ್ನೋ ಒಂದೇ ಅಂಗಡಿ.

ಬಾಜೂಕಿನವರಲ್ಲಿ ದೊಡ್ಡ ಕುಳ ಲ್ಯೂಕೋಟ್ರೈನ್. ಇದು ಚೀಲದಾಗ ತಯಾರಿರೂದಿಲ್ಲ. ಕೋಶದ ಪೊರೆಯ ಕೊಬ್ಬಿನಿಂದ ಅರಾಕಿಡೋನಿಕ್ ಆಮ್ಲ ಬಿಡಿಸಿ, ಅದರಿಂದ ಆಗಿಂದಾಗ ತಯಾರಿಸ್ತಾವ. ಶ್ವಾಸನಾಳ ಬಿಗಿಯೋದರಾಗ ಹಿಸ್ಟಮಿನ್‌ಗಿಂತ ಹೆಚ್ಚುಕಡಿಮೆ ಸಾವಿರ ಪಟ್ಟು ಜೋರು.

ಇದರ ಕಥಿ ಹೇಳ್ದೆ ಮುಂದ ಹೋಗಲಾರೆ. 1938ರಲ್ಲಿ ಮೆಲ್ಬರ್ನ್‌ನಾಗ ಫೆಲ್ಡ್‌ಬರ್ಗ್ ಮತ್ತು ಕೆಲ್ಲವೇ ಅನ್ನೋ ಇಬ್ಬರು ಗಿನಿ ಇಲಿಯ ಪುಪ್ಪಸಕ್ಕ ನಾಗರಹಾವಿನ ವಿಷ ಹರಿಸಿದ್ರು. ಹೊರಬಂದ ದ್ರವದಾಗ ಹಿಸ್ಟಮಿನ್ ಇತ್ತು, ಅದರ ಜೊತೆಗೆ ಇನ್ನೊಂದು ಏನೋ ಇತ್ತು. ಹಿಸ್ಟಮಿನ್ ಕರುಳಿನ ತುಣುಕನ್ನ ಫಕ್ಕನೆ ಬಿಗಿದು ಬಿಟ್ಟುಬಿಡತದ. ಇದು ಸಾವಕಾಶ ಬಿಗೀತಿತ್ತು, ಬಿಡಲೇ ಒಲ್ಲದು. ಏನು ಅಂತ ಗೊತ್ತಾಗದೆ "ನಿಧಾನ ಪ್ರತಿಕ್ರಿಯೆಯ ವಸ್ತು" ಅಂತ ಕರೆದ್ರು. 1960ರಲ್ಲಿ ಬ್ರಾಕಲ್‌ಹರ್ಸ್ಟ್ ಅದು ಅಲರ್ಜಿಯಲ್ಲೂ ಬರ್ತದ, ಹಿಸ್ಟಮಿನ್ ತಡೆಯೋ ಮದ್ದಿಗೆ ಬಗ್ಗೂದಿಲ್ಲ ಅಂತ ತೋರಿಸಿದ. ಅದರ ಖರೇ ಮಾರಿ ಕಂಡದ್ದು 1979ರಲ್ಲಿ, ಸ್ವೀಡನ್ನಿನ ಸ್ಯಾಮುಯೆಲ್ಸನ್ ತಂಡಕ್ಕ. ಲ್ಯೂಕೋಟ್ರೈನ್ ಸಿ4, ಡಿ4, ಇ4 ಮೂರರ ಸಂಸಾರ ಅದು. 1982ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಆತ ಒಬ್ಬ. ನಲವತ್ತು ವರ್ಷ ಹೆಸರಿಲ್ಲದ ದಲಾಲ!

ರಾತ್ರಿ ಎರಡರದ್ದು ಊಟ ಆದಮ್ಯಾಲ ಬರೀತೀನಿ.

ಔಷಧಿ ಅಂಗಡಿ, 11:20

ಮಾಸ್ತರ್ರೆ, ಒಪ್ಪಿದೆ. ಆದ್ರ ಗಿರಾಕಿ ಬಂದು "ಅಲರ್ಜಿ ಗುಳಗಿ ಕೊಡ್ರಿ" ಅಂತಾನೆ ಕೇಳ್ತಾರ. ಇಲ್ಲ ಅಂದ್ರ ಎದುರಿನ ಅಂಗಡಿಗೆ ಹೋಗ್ತಾರ.

ಬೀದರಕ್ಕ (ಬೀದರ), 12:05

ನಾ ನರ್ಸ್ ಇದ್ದೀನಿ. ಮಾಸ್ತರ್ ಊಟ ಮಾಡ್ಲಿ, ಅಷ್ಟರಾಗ ನನ್ನದೊಂದು ಮಾತು. ತಮ್ಮಾ, ಮತ್ತ ಹಂಗಾದ್ರ ದಾರಿ ನೋಡಬ್ಯಾಡ. ಒಂದು ವಾಕ್ಯ ಪೂರಾ ಮಾತಾಡ್ಲಿಕ್ಕ ದಮ್ಮ ಸಾಲದಿದ್ರ, ತುಟಿ ನೀಲಿ ಆದ್ರ, ಮಂಪರು ಬಂದ್ರ ಗಾಡಿ ತೆಗಿ. ಪಂಪ್ ಹೊಡೀತಾನೇ ದಾರಿ ಹಿಡಿ.

ಎಲ್ಲಕ್ಕಿಂತ ಹೆಚ್ಚು ಜನ ಮೋಸ ಹೋಗೋದು ಸೀಟಿಯಿಂದ. ಜೋರಾಗಿ ಸೀಟಿ ಹೊಡೀತಿದ್ದ ಎದಿ ಒಮ್ಮಿಗೇ ಸುಮ್ಮ ಆಯ್ತು, ಪೇಶಂಟ್ ಮಾತ್ರ ಸುಸ್ತಾಗಿ ಕುಂತಾನ ಅಂದ್ರ "ಅಬ್ಬಾ ಇಳೀತು" ಅಂತ ಮನಿಯವ್ರು ಚಹಾ ಇಡ್ತಾರ. ಇಳಿದಿರೂದಿಲ್ಲ. ಸೀಟಿ ಆಗ್ಲಿಕ್ಕೂ ಗಾಳಿ ಬೇಕಲ್ಲ? ಅಷ್ಟೂ ಗಾಳಿ ಹೋಗ್ಲಾರದಂಗ ಬಂದ್ ಆಗಿರ್ತದ.

ಶಹಾಪುರ ಹತ್ತಿ (ಯಾದಗಿರಿ ಜಿಲ್ಲೆ), 12:48

ನಮ್ಮಲ್ಲಿ ತೊಗರಿ ಅಲ್ರಿ, ಹತ್ತಿ. ಜಿನ್ನಿಂಗಿನ್ಯಾಗ ಕೆಲಸ. ರವಿವಾರ ಸೂಟಿ ಮಾಡಿ ಸೋಮವಾರ ಹೋದ್ರ ಸಂಜಿಕ್ಕ ಎದಿ ಕಟ್ಟಿದಂಗ ಆಗ್ತದ. ಮಂಗಳವಾರ ಕಮ್ಮಿ. ಶನಿವಾರ ಏನೂ ಇಲ್ಲ. ಧೂಳು ಎಲ್ಲಾ ದಿನ ಅಷ್ಟೇ ಇರ್ತದ. ಇದೂ ಅಸ್ತಮಾನೇ?

ಸೊಲ್ಲಾಪುರ ರೋಡ್, 12:55

ತೊಗರಿ ರೇಟ್ ಏನದ ಇವತ್ತ?

ಬೀದರಕ್ಕ, 12:57

ಇಲ್ಲಿ ಕೇಳಬ್ಯಾಡ್ರಿ ಅಣ್ಣಾ.

ನಿವೃತ್ತ ಮಾಸ್ತರ, ಮಧ್ಯಾಹ್ನ 2:36

ಈಗ ರಾತ್ರಿ ಎರಡರ ವಿಷಯ.

ಮಾಸ್ಟ್ ಕೋಶ ಚೀಲ ಸುರುವೋ ಹೊತ್ತಿಗೇ ಇನ್ನೊಂದು ಕೆಲಸನೂ ಮಾಡ್ತದ: ಕಾಗದ ಬರೀತದ. ಈ ಕಾಗದಗಳೇ ಇಂಟರ್‌ಲ್ಯೂಕಿನ್ 4, 5, 13 ಮೊದಲಾದವು. ಶ್ವಾಸನಾಳದಾಗ ಮನಿ ಮಾಡಿಕೊಂಡ ಟಿ ಕೋಶ ಅನ್ನೋ ಬಿಳಿರಕ್ತ ಕಣಗಳೂ ಇವನ್ನ ಬರೀತಾವ. ಐದನೇ ನಂಬರಿನ ಕಾಗದ ಹೋಗೋದು ಇಯೊಸಿನೊಫಿಲ್ ಅನ್ನೋ ಬಿಳಿರಕ್ತ ಕಣಗಳಿಗೆ. ಜಂತುಹುಳದ ಮ್ಯಾಲ ಯುದ್ಧ ಮಾಡ್ಲಿಕ್ಕ ಇರೋ ಕಣ ಇವು, ಮೈತುಂಬ ವಿಷದ ಪ್ರೋಟೀನ್. ಅವು ರಕ್ತದಿಂದ ಇಳಿದು ನಾಳದ ಗೋಡೆಗೆ ಬಂದು ಸೇರ್ಲಿಕ್ಕ ತಾಸುಗಟ್ಟಲೆ ಬೇಕು. ಅದಕ್ಕೇ ಎರಡನೇ ಹಂತ ಶುರುವಾಗೋದು ಮೂರು ನಾಲ್ಕು ತಾಸಿನ ಮ್ಯಾಲ, ಏರೋದು ಆರರಿಂದ ಹನ್ನೆರಡು ತಾಸಿನ್ಯಾಗ. ಇಲ್ಲಿ ಹುಳ ಇಲ್ಲ, ಹೊಡೆತ ಮಾತ್ರ ನಾಳದ ಒಳಪದರಕ್ಕ. ಬಾವು ಬರ್ತದ, ಪದರ ಉದುರತದ, ಅಂಟು ಲೋಳೆ ಬಿರಡೆಯಂಗ ಕೂಡತದ.

ಲೆಕ್ಕ ಹಾಕು ತಮ್ಮಾ. ನಿಮ್ಮಪ್ಪ ಮೂರರಿಂದ ಆರೂವರೆತನಕ ಧೂಳಿನ್ಯಾಗ. ನೀಲಿ ಪಂಪಿನ ಸಾಲ್ಬುಟಮಾಲ್ ಐದು ನಿಮಿಷದಾಗ ಸ್ನಾಯು ಸಡಲಿಸ್ತದ, ಅದರ ಜೀವ ನಾಲ್ಕರಿಂದ ಆರು ತಾಸು. ಅಂದ್ರ ಉಂಡು ಮಲಗೋ ಹೊತ್ತಿಗೆ ಪಂಪ್ ಮುಗಿದಿತ್ತು, ಇಯೊಸಿನೊಫಿಲ್ ಸಾಲು ಹಚ್ಚಿ ಬರ್ಲಿಕ್ಕ ಶುರುವಾಗಿತ್ತು. ಇದರ ಮ್ಯಾಲ ನಮ್ಮ ದೇಹ ತಾನೇ ಮಾಡೋ ಕಾರ್ಟಿಸೋಲ್ ನಡುರಾತ್ರಿ ಸುಮಾರಿಗೆ ತಳ ಮುಟ್ಟಿರತದ. ಬಾವು ಹಿಡಿದಿಡೋ ಕಾವಲುಗಾರ ಅದು, ಅಂವ ಮಲಗಿದ ಹೊತ್ತಿಗೇ ಇವರು ಬಂದ್ರು.

ನೀ ಕೇಳಿದ ಧೂಳು ರಾತ್ರಿ ಬರಲೇ ಇಲ್ಲ. ಮಧ್ಯಾಹ್ನನೇ ಬಂದು ಕಾಗದ ಬರೆಸಿ ಹೋಗಿತ್ತು.

ಪಂಪ್ ಯಾಕ ಇಳಿಸ್ಲಿಲ್ಲ? ಸ್ನಾಯು ಬಿಗಿದಿದ್ರ ಅದು ಬಿಡಸ್ತದ. ಬಾವನ್ನೂ ಲೋಳೆಯ ಬಿರಡೆಯನ್ನೂ ಬಿಡಸ್ಲಿಕ್ಕ ಅದಕ್ಕ ಬರೂದಿಲ್ಲ.

ಶಹಾಪುರದವರೇ, ನಿಮ್ಮದು ಬೇರೆ ದಾರಿ ಇರಬಹುದು. ಹತ್ತಿ ಧೂಳಿನ್ಯಾಗ ಬ್ಯಾಕ್ಟೀರಿಯಾದ ಗೋಡೆಯ ವಿಷ ಇರ್ತದ. ಅದಕ್ಕ ಐಜಿಇ ಮುಳ್ಳು ಬೇಕಾಗೂದಿಲ್ಲ, ನೆಟ್ಟಗ ಕೋಶಗಳನ್ನ ಕೆರಳಸ್ತದ, ಹಿಸ್ಟಮಿನ್ ಹೊರಬೀಳತದ. ಸೋಮವಾರ ಜೋರು, ವಾರ ಕಳೆದಂಗ ಕಮ್ಮಿ ಅನ್ನೋದು ಬಿಸಿನೋಸಿಸ್ ಅನ್ನೋ ಹತ್ತಿ ಗಿರಣಿ ರೋಗದ ಹಳೇ ಗುರುತು. ಮುಂದುವರಿದ್ರ ಎಲ್ಲಾ ದಿನಕ್ಕೂ ಹಬ್ಬತದ. ಎದೆ ಡಾಕ್ಟರಿಗೆ ಈ ಸೋಮವಾರದ ಮಾತು ಮೊದಲು ಹೇಳ್ರಿ, ಎಕ್ಸ್‌ರೇ ಆಮ್ಯಾಲ. ಸೋಮವಾರ ಕೆಲಸಕ್ಕ ಹೋಗೋ ಮೊದಲು ಮತ್ತು ಬಂದಮ್ಯಾಲ ಊದೋ ಪರೀಕ್ಷೆ ಮಾಡಿಸಿದ್ರ ಇನ್ನೂ ಚಲೋ.

ಶಹಾಪುರ ಹತ್ತಿ, 2:50

ಮೂರು ಡಾಕ್ಟ್ರಿಗೆ ತೋರಿಸೀನಿ. ವಾರದ ಬಗ್ಗೆ ಯಾರೂ ಕೇಳಿಲ್ರಿ. ನಾನೂ ಹೇಳಿಲ್ಲ.

ಶಹಾಬಾದ್ ಪರ್ಸಿ, 3:15

ಅಕ್ಕಾ, ಸರ್, ನಮ್ಮ ಮನಿಯವರದೊಂದು ಕೇಳ್ತೀನಿ. ಪರ್ಸಿ ಪಾಲಿಶ್ ಕೆಲಸ, ನಡ ನೋವು ಯಾವಾಗಲೂ. ಹೋದ ವರ್ಷ ಕಿರಾಣಿ ಅಂಗಡ್ಯಾಗ ನೋವಿನ ಗುಳಗಿ ತಂದು ನುಂಗಿದ್ರು. ನಾ ಇನ್ನೂ ರೊಟ್ಟಿ ಬಡೀತಿದ್ದೆ, ಅಷ್ಟರಾಗ ಮೂಗು ನೀರಾಗಿ ಹರೀತು, ಮಾರಿ ಕೆಂಪ ಆತು, ದಮ್ಮ ಹತ್ತಿತು. ಮೂಗಿನ್ಯಾಗಿನ ದುರ್ಮಾಂಸ ಎರಡು ಸಲ ತೆಗಿಸ್ಯಾರ, ಮತ್ತ ಬೆಳದದ. ಗುಳಗಿ ಡುಪ್ಲಿಕೇಟ್ ಇತ್ತು ಅಂತ ಅಂಗಡಿಯವನ ಜೋಡಿ ಜಗಳಾನೂ ಆಡೀನಿ.

ನಿವೃತ್ತ ಮಾಸ್ತರ, 3:41

ತಂಗಿ, ಗುಳಿಗೆ ಖರೇದ್ದೇ ಇದ್ದೀತು. ದುರ್ಮಾಂಸ, ದಮ್ಮು, ನೋವಿನ ಗುಳಿಗೆ ಆಗದಿರೋದು, ಈ ಮೂರೂ ಒಂದೇ ಕಡೆ ಕೂಡೋದು ವೈದ್ಯರಿಗೆ ಹಳೇ ಪರಿಚಯ.

ಅರಾಕಿಡೋನಿಕ್ ಆಮ್ಲ ಅಂದ್ನಲ್ಲ, ಅದಕ್ಕ ಎರಡು ಕಾಲುವೆ. ಒಂದು ಪ್ರೋಸ್ಟಗ್ಲಾಂಡಿನ್ ಅನ್ನೋ ಇನ್ನೊಂದು ದಲಾಲರ ಗುಂಪಿನ ಕಡೆ, ಒಂದು ಲ್ಯೂಕೋಟ್ರೈನ್ ಕಡೆ. ಆಸ್ಪಿರಿನ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೊದಲನೇದರ ಗೇಟ್ ಇಳಿಸ್ತಾವ. ಆಸ್ಪಿರಿನ್ ಹಿಂಗೇ ಕೆಲಸ ಮಾಡ್ತದ ಅಂತ 1971ರಲ್ಲಿ ಜಾನ್ ವೇನ್ ತೋರಿಸಿದ. ನೊಬೆಲ್ಲಿನ ಆ ಮೂವರಲ್ಲಿ ಆತನೂ ಒಬ್ಬ. ಪ್ರೋಸ್ಟಗ್ಲಾಂಡಿನ್‌ಗಳಲ್ಲಿ ಇ2 ಅನ್ನೋದು ಲ್ಯೂಕೋಟ್ರೈನ್ ತಯಾರಿಕೆಗೆ ಬ್ರೇಕ್ ಇದ್ದಂಗ. ಕೆಲವರ ದೇಹ ಆ ಬ್ರೇಕಿನ ಮ್ಯಾಲೇ ನಿಂತಿರತದ. ಗುಳಿಗೆ ನುಂಗಿದ್ರು, ಬ್ರೇಕ್ ಹೋಯ್ತು, ಅರ್ಧ ತಾಸಿನಿಂದ ಮೂರು ತಾಸಿನೊಳಗ ಲ್ಯೂಕೋಟ್ರೈನ್ ಮಹಾಪೂರ. ಇದು ಐಜಿಇ ಅಲರ್ಜಿ ಅಲ್ಲ, ಅದಕ್ಕ ಚರ್ಮದ ಮ್ಯಾಲ ಚುಚ್ಚಿ ಮಾಡೋ ಪರೀಕ್ಷೆಯಲ್ಲಿ ಸಿಗೂದಿಲ್ಲ.

ಆಗದ ಈ ಮೂರು ಗುಳಿಗೆಯ ಹೆಸರು ಒಂದು ಚೀಟಿಯಲ್ಲಿ ಬರೆದು ಅವರ ಪಾಕೀಟಿನ್ಯಾಗ ಇಡ್ರಿ. ನೋವಿಗೆ ಸಾಧಾರಣ ಪ್ರಮಾಣದ ಪ್ಯಾರಾಸಿಟಮಾಲ್ ಹೆಚ್ಚಿನವರಿಗೆ ನಡೀತದ, ಆದ್ರೂ ಡಾಕ್ಟರನ್ನ ಕೇಳಿಯೇ.

ಶಹಾಬಾದ್ ಪರ್ಸಿ, 3:52

ಅಂಗಡಿಯವನ ಕಡೆ ಹೋಗಿ ತಪ್ಪಾತು ಅನ್ನಬೇಕಾತು ಈಗ.

ಬೀದರಕ್ಕ, 4:10

ಕಣ್ಣಿನ ಒತ್ತಡಕ್ಕ ಹಾಕೋ ಟಿಮೊಲಾಲ್ ಹನಿ ಕೂಡ ದಮ್ಮಿನವರಿಗೆ ಆಗೂದಿಲ್ಲ. ಕಣ್ಣಿಗೆ ಹಾಕಿದ್ದು ಎದಿಗೆ ಹ್ಯಾಂಗ ಅಂತ ಕೇಳ್ತಾರ. ಕಣ್ಣಿನಿಂದ ಮೂಗು, ಮೂಗಿನಿಂದ ರಕ್ತ.

ಹಳೇ ಬಾವಿ (ಹುಮನಾಬಾದ್), 4:30

ನಮ್ಮ ಮುತ್ಯಾ ದತ್ತೂರಿ ಎಲಿ ಒಣಗಿಸಿ ಚುಟ್ಟಾ ಮಾಡಿ ಸೇದ್ತಿದ್ದ. ದಮ್ಮ ಇಳೀತಿತ್ತು, ಸುಳ್ಳಲ್ಲ. ಒಂದೊಂದು ಸಲ ಸೇದಿ ಗೋಡೆ ಜೋಡಿ ಮಾತಾಡ್ತಿದ್ದ. ಮತ್ತ ಕಡಕ್ ಕರೇ ಚಹಾ. ಈಗಿನ ಡಾಕ್ಟ್ರಿಗೆ ಹೇಳಿದ್ರ ನಗ್ತಾರ.

ನಿವೃತ್ತ ಮಾಸ್ತರ, 4:58

ನಗೂದಿಲ್ಲ ಯಜಮಾನ್ರೆ. ನರದ ತುದಿಯಿಂದ ಬರೋ ಅಸಿಟೈಲ್‌ಕೋಲಿನ್ ಅನ್ನೋದೂ ಒಬ್ಬ ದಲಾಲನೇ, ಸ್ನಾಯು ಬಿಗಿಸೋನು. ದತ್ತೂರಿಯ ಅಟ್ರೋಪಿನ್ ಅಂವನ ಬಾಯಿ ಮುಚ್ಚಸ್ತದ. ಈ ಸೇದೋ ಪದ್ಧತಿ ಬ್ರಿಟನ್ನಿಗೆ ಹೋದದ್ದೂ ನಮ್ಮ ಕಡಿಂದಾನೇ, 1802ರ ಸುಮಾರಿಗೆ ಮದ್ರಾಸಿನ ಮೂಲಕ. ಇವತ್ತು ಹಬೆ ಮಷಿನ್ನಿಗೆ ಹಾಕೋ ಇಪ್ರಟ್ರೋಪಿಯಮ್ ಅದರ ಮೊಮ್ಮಗ. ಅದು ಮಿದುಳಿಗೆ ಅಷ್ಟಾಗಿ ಏರೂದಿಲ್ಲ, ಮುತ್ಯಾನ ಚುಟ್ಟಾ ಏರ್ತಿತ್ತು. ಗೋಡೆ ಜೋಡಿ ಮಾತಾಡೋದು ಅದರ ವಿಷದ ಲಕ್ಷಣ. ಯಾರೂ ಮಾಡಬ್ಯಾಡ್ರಿ.

ಚಹಾದ್ದೂ ಖರೇ. ಥಿಯೋಫಿಲಿನ್ 1888ರಲ್ಲಿ ಮೊದಲು ಸಿಕ್ಕಿದ್ದು ಚಹಾ ಎಲೆಯಲ್ಲೇ. ಚಹಾ ಕಾಫಿಯೊಳಗಿನ ಕೆಫೀನ್ ಅದರ ಅಣ್ಣತಮ್ಮ, ಸ್ವಲ್ಪ ನಾಳ ಸಡಲಿಸ್ತದ. ಸ್ವಲ್ಪ ಅಂದ್ರ ಸ್ವಲ್ಪೇ.

ಆಳಂದ ಪೋರ, 5:05

ಮೀನಿನ ಬಗ್ಗೆ ಯಾಕ ಯಾರೂ ಮಾತಾಡ್ಲಾಕತ್ತಿಲ್ಲ?

ಔಷಧಿ ಅಂಗಡಿ, 5:22

ನಾ ಮಾತಾಡ್ತೀನಿ. ನಮ್ಮ ಕಾಕಾನ್ನ ಮೂರು ವರ್ಷ ಬೆನ್ನುಬೆನ್ನಿಗೆ ಒಯ್ದೀನಿ, ನಾಂಪಲ್ಲಿ ಮೈದಾನಕ್ಕ. ರಾತ್ರಿಪೂರಾ ಸಾಲಿನ್ಯಾಗ ಧೂಳು, ಜನ. ಮೊದಲ ವರ್ಷ ಆರು ತಿಂಗಳು ಆರಾಮಿದ್ರು, ನಾವು ಮೀನೇ ಅಂದ್ವಿ. ಎರಡನೇ ವರ್ಷ ಮೀನ ನುಂಗೀವಿ ಅಂತ ಪಂಪ್ ಬಿಟ್ರು, ಮಳಿಗಾಲದಾಗ ಐಸಿಯು. ದಮ್ಮು ತಾನೇ ಏರೋ ಇಳಿಯೋ ಬ್ಯಾನಿ, ಇಳಿಯೋ ಹೊತ್ತಿಗೆ ಏನು ನುಂಗಿರ್ತೀವೋ ಅದಕ್ಕ ಹೆಸರು ಬರ್ತದ. ಅದರಿಂದ ಗುಣ ಆಗ್ತದ ಅಂತ ಪರೀಕ್ಷೆ ಮಾಡಿ ತೋರಿಸಿದ ಪುರಾವೆ ಇಲ್ಲ. ಹೋಗೋರು ಹೋಗ್ರಿ, ಪಂಪ್ ಮಾತ್ರ ಬಿಡಬ್ಯಾಡ್ರಿ.

ತೊಗರಿಕಣಜ, ರಾತ್ರಿ 8:14

ಎಲ್ಲಾ ಓದಿ ಅಪ್ಪಗ ಹೇಳ್ದೆ. ದಲಾಲರ ಕಥಿ ಕೇಳಿ ನಕ್ಕರು. ಆದ್ರ ದವಾಖಾನ್ಯಾಗ ಬರೆದುಕೊಟ್ಟ ಇನ್ನೊಂದು ಪಂಪ್ ಮುಟ್ಟಲೊಲ್ರು. ಬುಡೆಸೊನೈಡ್ ಮತ್ತ ಫಾರ್ಮೊಟೆರಾಲ್ ಕೂಡಿದ್ದು. "ಸ್ಟೀರಾಯ್ಡ್ ಅದ, ಎಲುಬು ತಿಂತದ, ಒಮ್ಮಿ ಹಿಡದ್ರ ಬಿಡೂದಿಲ್ಲ" ಅಂತ ಬಾಜು ಮನಿಯವ್ರು ತಲಿ ತುಂಬ್ಯಾರ.

ನಿವೃತ್ತ ಮಾಸ್ತರ, 8:47

ಇದೇ ಮುಖ್ಯ, ನಿಂತು ಓದಿಸು ಅವರಿಗೆ.

ದಲಾಲರನ್ನ ಒಬ್ಬೊಬ್ಬರನ್ನಾಗಿ ಹಿಡಿಯೋ ಮದ್ದು ಅದಾವ. ಲ್ಯೂಕೋಟ್ರೈನ್‌ಗೆ ಮಾಂಟೆಲುಕಾಸ್ಟ್, ಐಜಿಇಗೆ 2003ರಿಂದ ಓಮಾಲಿಜುಮಾಬ್ ಸೂಜಿ, ಇಂಟರ್‌ಲ್ಯೂಕಿನ್ 5ಕ್ಕ 2015ರಿಂದ ಮೆಪೊಲಿಜುಮಾಬ್. ಕೊನೆಯ ಎರಡು ಭಾಳ ತುಟ್ಟಿ, ಬೇರೆ ಯಾವುದಕ್ಕೂ ಬಗ್ಗದವರಿಗೆ. ಸ್ಟೀರಾಯ್ಡ್ ಒಬ್ಬೊಬ್ಬರ ಹಿಂದ ಓಡೂದಿಲ್ಲ. ಕೋಶದ ನಡುಮನೆಗೇ ಹೋಗಿ ಕಾಗದ ಬರಿಯೋ ಜೀನುಗಳನ್ನ ಸುಮ್ಮನಾಗಿಸ್ತದ, ಇಯೊಸಿನೊಫಿಲ್ ಬರೋದೇ ಕಮ್ಮಿ ಆಗ್ತದ. ಹಂಗಂತ ಇದು ತಕ್ಷಣದ ಕೆಲಸ ಅಲ್ಲ, ತಾಸುಗಳು, ಪೂರಾ ಗುಣ ಕಾಣ್ಲಿಕ್ಕ ವಾರಗಳು. ಎರಡು ದಿನ ಹೊಡೆದು "ಏನೂ ಆಗ್ಲಿಲ್ಲ" ಅಂತ ಕಪಾಟಿನ್ಯಾಗ ಇಡೋದು ಇದಕ್ಕೇ.

ಎಲುಬಿನ ಭಯಕ್ಕ ಲೆಕ್ಕ ಹೇಳ್ತೀನಿ. ದಿನಕ್ಕೆರಡು ಸಲ 200 ಮೈಕ್ರೋಗ್ರಾಂ ಅಂದ್ರ 400 ಮೈಕ್ರೋಗ್ರಾಂ. ದಮ್ಮ ಜೋರಾದಾಗ ಕೊಡೋ ಪ್ರೆಡ್ನಿಸೊಲೋನ್ 40 ಮಿಲಿಗ್ರಾಂ, ತೂಕದಾಗ ನೂರು ಪಟ್ಟು. ಶಕ್ತಿಯ ಲೆಕ್ಕ ಬೇರೆ, ಎರಡೂ ಒಂದೇ ಮದ್ದಲ್ಲ, ಆದ್ರ ಒಂದು ನಾಳದ ಮ್ಯಾಲ ಬೀಳತದ, ಇನ್ನೊಂದು ಮೈಯೆಲ್ಲಾ ತಿರುಗತದ. ಪಂಪ್ ಬಿಟ್ಟವರೇ ವರ್ಷಕ್ಕ ನಾಲ್ಕು ಸಲ ದವಾಖಾನೆ ಸೇರಿ ಗುಳಿಗೆ ಸೂಜಿ ತಗೋತಾರ. ಎಲುಬು ತಿನ್ನೋದು ಅದು.

ನೀಲಿ ಪಂಪ್ ಒಂದರ ಮ್ಯಾಲೇ ದೊಡ್ಡವರನ್ನ ಬಿಡಬಾರದು ಅಂತ ಗೀನಾ ಅನ್ನೋ ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಿಂದ ಹೇಳ್ತಾ ಬಂದದ. ಹೊಡೆದ ಮ್ಯಾಲ ಬಾಯಿ ಮುಕ್ಕಳಿಸಿ ಉಗುಳ್ಲಿ, ಇಲ್ಲಾಂದ್ರ ನಾಲಿಗೆ ಮ್ಯಾಲ ಬಿಳಿ ಬೂಷ್ಟು ಬರ್ತದ.

ಭಾಲ್ಕಿ ತಾಯಿ, 9:02

ಮಾಂಟೆಲುಕಾಸ್ಟ್ ಅಂದ್ರಲ್ಲ ಸರ್, ನನ್ನ ಮಗ ಏಳು ವರ್ಷದಂವ, ಅದು ಶುರು ಮಾಡಿದ ಮ್ಯಾಲ ನಡುರಾತ್ರಿ ಚೀರಿ ಏಳ್ತಾನ. ಕೆಟ್ಟ ಕನಸು ಅಂತಾನ. ದೃಷ್ಟಿ ತೆಗ್ದೀವಿ.

ಬೀದರಕ್ಕ, 9:09

ದೃಷ್ಟಿ ತೆಗದದ್ದು ಇರ್ಲಿ ಅವ್ವಾ, ನಾಳೆ ಡಾಕ್ಟ್ರಿಗೆ ಫೋನ್ ಹಚ್ಚು. ಕೆಲವರಿಗೆ ಆ ಗುಳಗಿಯಿಂದ ಕೆಟ್ಟ ಕನಸು, ಸಿಟ್ಟು, ಮನಸ್ಸು ಕುಗ್ಗೋದು ಆಗ್ತದ. ಅಮೆರಿಕದ ಔಷಧ ಇಲಾಖೆ 2020ರಲ್ಲಿ ಅದರ ಮ್ಯಾಲ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕ್ಯದ. ಯಾವತ್ತು ಶುರು ಮಾಡಿದ್ರಿ, ಕನಸು ಯಾವತ್ತಿಂದ, ಎರಡೂ ತಾರೀಖು ಹೇಳು. ಅದರ ಬದಲಿ ಏನು ಅಂತ ಅವರೇ ಹೇಳ್ತಾರ.

ತೊಗರಿಕಣಜ, ಬುಧವಾರ ಸಂಜೆ 6:20

ಅಪ್ಪ ಪಂಪ್ ಶುರು ಮಾಡ್ಯಾರ. ಆದ್ರ ಒತ್ತೋದು ಒಂದು ಹೊತ್ತು, ಉಸಿರು ಎಳಿಯೋದು ಇನ್ನೊಂದು ಹೊತ್ತು. ಅರ್ಧ ಮದ್ದು ಮೀಸಿ ಮ್ಯಾಲೇ.

ಬೀದರಕ್ಕ, 6:41

ಸ್ಪೇಸರ್ ತಗೋ, ಪಂಪಿಗೂ ಬಾಯಿಗೂ ನಡುವ ಹಿಡಿಯೋ ಡಬ್ಬಿ ಅದು. ಸಿಗೋ ತನಕ 500 ಮಿಲಿಯ ನೀರಿನ ಬಾಟಲಿ ತೊಳೆದು ಒಣಗಿಸಿ, ತಳಕ್ಕ ಪಂಪಿನ ಬಾಯಿ ಗಟ್ಟಿಯಾಗಿ ಕೂಡೋ ಅಷ್ಟೇ ತೂತು ಮಾಡು. ಬಾಟಲಿ ಬಾಯಿ ಅಪ್ಪನ ತುಟಿ ನಡುವ. ಒಂದು ಸಲ ಒತ್ತಿ, ಸಾವಕಾಶ ಐದಾರು ಉಸಿರು. ದಕ್ಷಿಣ ಆಫ್ರಿಕಾದಾಗ ದಮ್ಮ ಹತ್ತಿದ ಮಕ್ಕಳ ಮ್ಯಾಲ ಇದನ್ನ ಪರೀಕ್ಷೆ ಮಾಡಿ, ಅಂಗಡಿ ಸ್ಪೇಸರಿನಷ್ಟೇ ಚಲೋ ಅಂತ 1999ರಲ್ಲೇ ಬರ್ದಾರ.

ತೊಗರಿಕಣಜ, ಶುಕ್ರವಾರ ಮುಂಜಾನೆ 7:55

ಅಕ್ಕಾ, ಬಾಟಲಿ ಚಲೋ ಕೂತದ. ಎರಡು ರಾತ್ರಿ ಎದ್ದಿಲ್ಲ, ವಾರಗಳು ಬೇಕು ಅಂತ ಮಾಸ್ತರ್ ಹೇಳ್ಯಾರ ಅದಕ್ಕ ಇನ್ನೂ ಏನೂ ಅನ್ನೂದಿಲ್ಲ. ಬಾಟಲಿ ಮ್ಯಾಲ ಅವ್ವ ಕರೇ ಪೆನ್ನಿನ್ಯಾಗ "ಯಾರೂ ಮುಟ್ಟಬ್ಯಾಡ್ರಿ" ಅಂತ ಬರದಾಳ. ಮೊದಲನೇ ಬಾಟಲಿ ತೂತಿಗೆ ಬಟ್ಟಿ ತುರುಕಿ ನಮ್ಮ ತಮ್ಮ ಟ್ರ್ಯಾಕ್ಟರ್ ಎಣ್ಣಿ ಹಾಕಿಟ್ಟಿದ್ದ.